ಮಳೆಗಾಲದ ರಕ್ಷಣಾ ಕೆಲಸಕ್ಕೆ ವಾಕಿಟಾಕಿ: ಯಾವ ಸೆಟ್, ಯಾವ ಆಂಟೆನಾ?

ಕಾಫಿಕಣಿವೆ

ಎಲ್ಲರಿಗೂ ನಮಸ್ಕಾರ. ನಮ್ಮದು ಮಡಿಕೇರಿ ಕಡೆಯ ಸಣ್ಣ ಸ್ವಯಂಸೇವಕರ ತಂಡ. ಮಳೆಗಾಲದಲ್ಲಿ ಬರೆ ಕುಸಿದರೆ, ರಸ್ತೆಗೆ ಮರ ಬಿದ್ದರೆ ಅಗ್ನಿಶಾಮಕ ದಳದವರು ಬರುವ ತನಕ ದಾರಿ ಬಿಡಿಸುತ್ತೇವೆ, ವಯಸ್ಸಾದವರನ್ನು ಮನೆಯಿಂದ ಕರೆತರುತ್ತೇವೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಜಾರಿದಾಗ ಕರೆಂಟೂ ಇಲ್ಲ, ಮೊಬೈಲೂ ಇಲ್ಲ, ಯಾರು ಎಲ್ಲಿದ್ದಾರೆ ಅಂತ ತಿಳಿಯಲು ಆಳು ಕಳಿಸಬೇಕಿತ್ತು.

ಈ ಸಲ ದಾನಿಯೊಬ್ಬರು ವಾಕಿಟಾಕಿಗೆ ಹಣ ಕೊಡುತ್ತೇನೆ ಎಂದಿದ್ದಾರೆ. ಹನ್ನೆರಡು ಸೆಟ್ ಬೇಕು. ಒಬ್ಬ ಮಾರಾಟಗಾರ ಸಿಮ್ ಹಾಕುವ ಸೆಟ್ ತೋರಿಸಿ 'ಇಡೀ ಭಾರತ ರೇಂಜ್' ಎನ್ನುತ್ತಾನೆ. ಇನ್ನೊಬ್ಬ 10 ವ್ಯಾಟ್ ಸೆಟ್ ತಂದು 'ಇದರ ಮುಂದೆ ಬೇರೆ ಯಾವುದೂ ಇಲ್ಲ' ಎನ್ನುತ್ತಾನೆ. ತಲೆ ಕೆಟ್ಟಿದೆ. ಕೆಸರಲ್ಲಿ ಬೀಳುತ್ತದೆ, ಮಳೆಯಲ್ಲಿ ನೆನೆಯುತ್ತದೆ, ಹುಡುಗರ ಕೈಯಲ್ಲಿ ಇರುತ್ತದೆ. ಯಾವುದು ತಾಳುತ್ತದೆ ಹೇಳಿ.

ಆರ್‌ಎಫ್_ಅಣ್ಣ

ಮೊದಲು ಆ ಸಿಮ್ ಸೆಟ್ ಪಕ್ಕಕ್ಕಿಡಿ. ಅದು ವಾಕಿಟಾಕಿ ವೇಷದ ಮೊಬೈಲ್ ಫೋನ್. ಟವರ್ ಇದ್ದರೆ ಬೆಂಗಳೂರಿಂದ ದೆಹಲಿಗೂ ಮಾತಾಡುತ್ತದೆ, ಟವರ್ ಸತ್ತರೆ ಪಕ್ಕದ ತೋಟಕ್ಕೂ ಕೇಳಿಸುವುದಿಲ್ಲ. ನಿಮಗೆ ರೇಡಿಯೋ ಬೇಕಾಗುವುದೇ ಟವರ್ ಸತ್ತ ದಿನ, ಅಲ್ವಾ?

ಎರಡನೆಯದು, ವ್ಯಾಟ್ ಲೆಕ್ಕ. 5ರಿಂದ 10 ವ್ಯಾಟ್‌ಗೆ ಹೋದರೆ ಸಿಗುವುದು 3 ಡೆಸಿಬೆಲ್ (ಸಿಗ್ನಲ್ ಬಲ ಎಷ್ಟು ಏರಿತು, ಇಳಿಯಿತು ಅನ್ನುವ ಅಳತೆ). ಕಿವಿಗೆ ಅದು ಹೆಚ್ಚುಕಡಿಮೆ ಗೊತ್ತೇ ಆಗುವುದಿಲ್ಲ, ಆದರೆ ಬ್ಯಾಟರಿಗೆ ಚೆನ್ನಾಗಿ ಗೊತ್ತಾಗುತ್ತದೆ. ನಡುವೆ ಒಂದು ಗುಡ್ಡ ಇದ್ದರೆ 10 ಅಲ್ಲ, 20 ವ್ಯಾಟ್ ಹಾಕಿದರೂ ಅಷ್ಟೇ. ವಾಕಿಟಾಕಿಗಳ ಆವರ್ತನದಲ್ಲಿ ಕೆಲಸ ಮಾಡುವುದು ಎತ್ತರ. ಪೂರ್ತಿ ಚಪ್ಪಟೆ ನೆಲದಲ್ಲಿ ಇಬ್ಬರು ಸೆಟ್ ಹಿಡಿದು ನಿಂತರೆ ರೇಡಿಯೋ ದಿಗಂತ ಸುಮಾರು 10 ಕಿಲೋಮೀಟರ್. ಒಬ್ಬರ ಆಂಟೆನಾವನ್ನು 9 ಮೀಟರ್ ಕಂಬಕ್ಕೆ ಏರಿಸಿ, ಅದು 17 ಆಗುತ್ತದೆ. ಇದು ಕಾಗದದ ಲೆಕ್ಕ. ಕೊಡಗಿನ ಕಣಿವೆಯಲ್ಲಿ ಕೈಯಿಂದ ಕೈಗೆ ಒಂದೆರಡು ಕಿಲೋಮೀಟರ್ ಸಿಕ್ಕರೆ ಅದೇ ಒಳ್ಳೆಯ ದಿನ. ಅದಕ್ಕೇ ಹೇಳುತ್ತೇನೆ, ಇರುವ ದುಡ್ಡನ್ನೆಲ್ಲ ಹನ್ನೆರಡು ಸೆಟ್ಟಿಗೇ ಸುರಿಯಬೇಡಿ. ಎಂಟು ಒಳ್ಳೆಯ ಸೆಟ್ ತಗೊಳ್ಳಿ, ಉಳಿದದ್ದನ್ನು ಆಂಟೆನಾ, ಬ್ಯಾಟರಿ, ಮೈಕಿಗೆ ಇಡಿ.

ಬೆಂಚ್_ರಿಪೇರಿ

ನಾನು ವಾಕಿಟಾಕಿ ರಿಪೇರಿ ಮಾಡುವವನು. ಕ್ಯಾಟಲಾಗ್ ಓದಿ ಹೇಳುವ ಮಾತಲ್ಲ ಇದು, ಬೆಂಚಿಗೆ ಏನು ಬರುತ್ತದೆ ಅದನ್ನು ಹೇಳುತ್ತೇನೆ.

ಸೆಟ್ಟಿನ ಒಳಗಿನ ಬೋರ್ಡ್ ಕೆಡುವುದು ಕಡಿಮೆ. ಕೆಡುವುದು ಅಂಚುಗಳು. ಪಕ್ಕದಲ್ಲಿ ಮೈಕ್ ಚುಚ್ಚುವ ಜಾಗಕ್ಕೆ ಒಂದು ರಬ್ಬರ್ ಮುಚ್ಚಳ ಇರುತ್ತದೆ, ಅದು ತೂಗಾಡುತ್ತದೆ ಅಂತ ಯಾರೋ ಕಿತ್ತು ಬಿಸಾಡಿರುತ್ತಾರೆ. ಅಲ್ಲಿಗೆ ಆ ಸೆಟ್ಟಿನ ಐಪಿ67 ಮುಗಿಯಿತು. ಐಪಿ67 ಅಂದರೆ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ, ಆದರೆ ಎಲ್ಲ ಮುಚ್ಚಳ, ಬ್ಯಾಟರಿ, ಆಂಟೆನಾ ಸರಿಯಾಗಿ ಕೂತಿದ್ದಾಗ ಮಾತ್ರ. ಅದೂ ಹೊಸ ಸೆಟ್ಟಿಗೆ, ನಿಂತ ಶುದ್ಧ ನೀರಲ್ಲಿ ಮಾಡುವ ಪರೀಕ್ಷೆ. ಮೂರು ಮಳೆಗಾಲ ಕಂಡ ರಬ್ಬರ್ ಸೀಲ್ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ. ವರ್ಷಕ್ಕೊಮ್ಮೆ ಬ್ಯಾಟರಿ ತೆಗೆದು ಹಿಂದಿನ ಸೀಲ್ ಮೇಲೆ ಬೆರಳು ಓಡಿಸಿ ನೋಡಿ. ಮರಳಿನ ಕಣ ಸಿಕ್ಕರೆ ಒರೆಸಿ, ಬಿರುಕು ಸಿಕ್ಕರೆ ಬದಲಿಸಿ. ಐಪಿ54 ಅಂತ ಬರೆದ ಸೆಟ್ ತುಂತುರಿಗೆ ಸಾಕು, ಕೊಡಗಿನ ಜುಲೈಗೆ ಸಾಲದು.

ಆಮೇಲೆ ಈ 'ಮಿಲಿಟರಿ ಗ್ರೇಡ್' ಚೀಟಿ. ಮಿಲ್-ಎಸ್‌ಟಿಡಿ-810 ಅನ್ನುವ ಅಮೆರಿಕ ಸೇನೆಯ ಮಾನದಂಡದ ಬೀಳಿಸುವ ಪರೀಕ್ಷೆಯಲ್ಲಿ 122 ಸೆಂಟಿಮೀಟರ್ ಎತ್ತರದಿಂದ 26 ಸಲ ಬೀಳಿಸುತ್ತಾರೆ. 6 ಮುಖ, 12 ಅಂಚು, 8 ಮೂಲೆ. ಕಾಂಕ್ರೀಟ್ ಮೇಲೆ ಪ್ಲೈವುಡ್ ಹಾಸಿರುತ್ತಾರೆ. ಆ 26 ಬೀಳನ್ನು ಐದು ಸೆಟ್‌ಗಳ ನಡುವೆ ಹಂಚಿಕೊಳ್ಳಲೂ ಅವಕಾಶ ಇದೆ. ಅಂದರೆ ಒಂದೊಂದು ಸೆಟ್ ಐದಾರು ಸಲ ಬಿದ್ದರೆ ಮುಗಿಯಿತು. ಸರ್ಟಿಫಿಕೇಟ್ ಕೊಡುವ ಕಚೇರಿ ಅಂತ ಯಾವುದೂ ಇಲ್ಲ, ಕಂಪನಿಯೇ ಪರೀಕ್ಷೆ ಮಾಡಿಸಿ ಹೇಳಿಕೊಳ್ಳುತ್ತದೆ. ಹಾಗಂತ ಅದು ಸುಳ್ಳು ಅಂತಲ್ಲ. ಯಾವ ಪರೀಕ್ಷೆ, ಯಾವ ವಿಧಾನ ಅಂತ ಪಟ್ಟಿ ಕೊಟ್ಟಿದ್ದರೆ ನಂಬಬಹುದು. ಸುಮ್ನೆ 'ಮಿಲಿಟರಿ' ಅಂತ ಡಬ್ಬದ ಮೇಲೆ ಅಚ್ಚು ಹಾಕಿದ್ದರೆ ಅದು ಶಾಯಿ ಅಷ್ಟೇ.

ಮತ್ತೊಂದು, ಆಂಟೆನಾ ಬುಡ. ಸೆಟ್ ಎತ್ತಿಕೊಳ್ಳುವಾಗ ನಮ್ಮವರು ಆಂಟೆನಾ ಹಿಡಿದೇ ಎತ್ತುತ್ತಾರೆ! ಸಣ್ಣ ಎಸ್‌ಎಂಎ ಕನೆಕ್ಟರ್ ಇರುವ ಸೆಟ್ಟಿನಲ್ಲಿ ಆ ಭಾರವೆಲ್ಲ ಬೋರ್ಡಿನ ಒಂದು ಬೆಸುಗೆ ಮೇಲೆ ಬೀಳುತ್ತದೆ. ಬೆಸುಗೆ ಬಿಟ್ಟರೆ ಸೆಟ್ ಆನ್ ಆಗುತ್ತದೆ, ಕೆಂಪು ದೀಪ ಉರಿಯುತ್ತದೆ, ಪಕ್ಕದಲ್ಲಿರುವವರಿಗೆ ಕೇಳಿಸುತ್ತದೆ, ನೂರು ಮೀಟರ್ ಆಚೆ ಏನೂ ಇಲ್ಲ. ಇಂಥ ಸೆಟ್ ತೀರಾ ಅಪಾಯ, ಯಾಕೆಂದರೆ ಅದು ಕೆಟ್ಟಿದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಕೊಳ್ಳುವ ಮುಂಚೆ ಆಂಟೆನಾ ಕೂರುವ ಜಾಗ ನೋಡಿ. ಸುತ್ತ ಗಟ್ಟಿ ಕುತ್ತಿಗೆ ಇದ್ದು, ಆಂಟೆನಾದ ರಬ್ಬರ್ ಬುಡ ಆ ಕುತ್ತಿಗೆಗೆ ಒತ್ತಿ ಕೂತರೆ ಒಳ್ಳೆಯದು.

ಕಾಫಿಕಣಿವೆ

ಆಂಟೆನಾ ಹಿಡಿದು ಎತ್ತುವುದು ಅಂದಿರಲ್ಲ, ನಮ್ಮ ಹುಡುಗರು ಅದನ್ನು ಹಿಡಿದು ತಿರುಗಿಸುತ್ತಾರೆ ಕೂಡ 😀 ಗಿಡ್ಡ ಆಂಟೆನಾ ಹಾಕಿದರೆ ಈ ತಾಪತ್ರಯ ಇರುವುದಿಲ್ಲ ಅಲ್ವಾ? ತೋಟದಲ್ಲಿ ಬಳ್ಳಿಗೆ ಸಿಕ್ಕಿಕೊಳ್ಳುವುದೂ ಇಲ್ಲ. ಮತ್ತೆ ಬ್ಯಾಂಡ್ ಯಾವುದು, 150 ಮೆಗಾಹರ್ಟ್ಸ್ ಆಸುಪಾಸಿನ ವಿಎಚ್‌ಎಫ್ಫಾ, 450 ಆಸುಪಾಸಿನ ಯುಎಚ್‌ಎಫ್ಫಾ?

ಆರ್‌ಎಫ್_ಅಣ್ಣ

ಗಿಡ್ಡದ್ದು ಬೇಡ. 150 ಮೆಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ 2 ಮೀಟರ್, ಆಂಟೆನಾ ತಂತಿ ಅದರ ಕಾಲು ಭಾಗ, ಅಂದರೆ ಕಾಲು ಅಲೆ, ಅರ್ಧ ಮೀಟರ್ ಇರಬೇಕು. ಸೆಟ್ ಜೊತೆ ಬರುವ ಒಂದು ಗೇಣುದ್ದದ ರಬ್ಬರ್ ಆಂಟೆನಾದಲ್ಲಿ ಆ ತಂತಿಯನ್ನು ಸುರುಳಿ ಸುತ್ತಿ ಇಟ್ಟಿರುತ್ತಾರೆ, ಅಲ್ಲೇ ಒಂದಷ್ಟು ಕಳೆದುಕೊಂಡಿರುತ್ತೀರಿ. ಅದನ್ನೂ ಮೊಟಕು ಮಾಡಿ ಬೆರಳುದ್ದ ಮಾಡಿದರೆ ಇನ್ನಷ್ಟು ಹೋಗುತ್ತದೆ. ಜೊತೆಗೆ ಗಿಡ್ಡ ಆಂಟೆನಾ ಕಿರಿದಾದ ಆವರ್ತನದಲ್ಲಿ ಮಾತ್ರ ಸರಿಯಾಗಿ ಕೆಲಸ ಮಾಡುತ್ತದೆ, ಅದಕ್ಕೇ ಕಂಪನಿಗಳು ಒಂದೇ ಬ್ಯಾಂಡನ್ನು ಎರಡು ಮೂರು ಭಾಗ ಮಾಡಿ ಬೇರೆ ಬೇರೆ ಆಂಟೆನಾ ಮಾರುತ್ತವೆ. ಎಷ್ಟೋ ಬ್ರ್ಯಾಂಡ್‌ಗಳಲ್ಲಿ ಬುಡದಲ್ಲಿ ಬಣ್ಣದ ಉಂಗುರ ಇರುತ್ತದೆ. ಹಳದಿ ಉಂಗುರದ ಸೆಟ್ಟಿಗೆ ಕಪ್ಪು ಉಂಗುರದ್ದು ತಿರುಗಿಸಿದರೆ ಅದು ಕೂರುತ್ತದೆ, ಆದರೆ ಮಾತು ಹೊರಗೆ ಹೋಗುವುದಿಲ್ಲ.

ಬ್ಯಾಂಡ್ ವಿಷಯ: ತೋಟ, ಕಾಡು, ಗುಡ್ಡ ಅಂದರೆ ವಿಎಚ್‌ಎಫ್. ಒದ್ದೆ ಎಲೆಗಳು ಯುಎಚ್‌ಎಫ್ ಅನ್ನು ಜಾಸ್ತಿ ಹೀರುತ್ತವೆ, ಗುಡ್ಡದ ಅಂಚಿನಲ್ಲಿ ವಿಎಚ್‌ಎಫ್ ಸ್ವಲ್ಪ ಚೆನ್ನಾಗಿ ಬಾಗುತ್ತದೆ.

ಗಂಟೆವ್ಯಾನ್

ಅಗ್ನಿಶಾಮಕ ದಳದಿಂದ ನಿವೃತ್ತ. ಅಣ್ಣನ ಮಾತನ್ನು ಅರ್ಧ ಒಪ್ಪುತ್ತೇನೆ. ಬೆಂಗಳೂರಲ್ಲಿ ಬೇಸ್‌ಮೆಂಟ್, ಆಸ್ಪತ್ರೆ ಕಟ್ಟಡ, ಮಾಲ್ ಒಳಗೆ ಕೆಲಸ ಮಾಡುವವರಿಗೆ ಯುಎಚ್‌ಎಫ್ಫೇ ಸರಿ. ಕಾಂಕ್ರೀಟ್‌ನ ಕಿಟಕಿ ಬಾಗಿಲಿನ ಸಂದಿಯಲ್ಲಿ ಅದು ಚೆನ್ನಾಗಿ ನುಗ್ಗುತ್ತದೆ, ಆಂಟೆನಾ ಕೂಡ ಗೇಣುದ್ದದಲ್ಲೇ ಪೂರ್ತಿ ಕಾಲು ಅಲೆ ಆಗುತ್ತದೆ. ಕೊಡಗಿಗೆ ವಿಎಚ್‌ಎಫ್, ಸರಿ. ಆದರೆ ಈ ಚರ್ಚೆ ಓದುವ ಎಲ್ಲರೂ ಕೊಡಗಿನವರಲ್ಲ.

ಯಾರೂ ಹೇಳದ ಒಂದು ಮಾತು ಹೇಳುತ್ತೇನೆ. ಸೆಟ್ ಎಲ್ಲಿ ಕಟ್ಟಿಕೊಳ್ಳುತ್ತೀರಿ? ಸೊಂಟದ ಬೆಲ್ಟಿಗೆ ಸಿಕ್ಕಿಸಿ ಭುಜದ ಮೈಕಲ್ಲಿ ಮಾತಾಡಿದರೆ ಆಂಟೆನಾ ನಿಮ್ಮ ಮೈಗೆ ಅಂಟಿಕೊಂಡಿರುತ್ತದೆ. ನೀರು ತುಂಬಿದ ಮೈ ಅದು, 10 ಡೆಸಿಬೆಲ್ ಸುಲಭವಾಗಿ ನುಂಗುತ್ತದೆ. 5 ವ್ಯಾಟಿನ ಸೆಟ್ ಅರ್ಧ ವ್ಯಾಟ್ ಆಯಿತು! ಎದೆಗೆ ಕಟ್ಟುವ ಚೀಲ ಹೊಲಿಸಿ, ಆಂಟೆನಾ ಭುಜದ ಮಟ್ಟಕ್ಕೆ ಬರಲಿ. ಕೇಳಿಸದಿದ್ದರೆ ಸೆಟ್ ಕೈಗೆ ತೆಗೆದು ಮುಖದ ಎತ್ತರಕ್ಕೆ ಹಿಡಿದು, ನೆಟ್ಟಗೆ ನಿಲ್ಲಿಸಿ ಮಾತಾಡಿ. ಅಡ್ಡ ಹಿಡಿದು ಮಾತಾಡುವುದು ಸಿನಿಮಾದಲ್ಲಿ ಮಾತ್ರ ಚೆಂದ.

ಮೈಕ್ ಬಗ್ಗೆ ಬೆಂಚಿನವರು ಸರಿಯಾಗಿ ಹೇಳಿದ್ದಾರೆ. ಸೆಟ್ ಐಪಿ67 ತಗೊಂಡು ಅದಕ್ಕೆ ರಸ್ತೆಬದಿಯ ಅಗ್ಗದ ಮೈಕ್ ಚುಚ್ಚಿದರೆ ನೀರು ಅಲ್ಲಿಂದಲೇ ಒಳಗೆ ಹೋಗುತ್ತದೆ. ಸ್ಕ್ರೂ ಹಾಕಿ ಬಿಗಿಯುವ ಮೈಕೇ ಬೇಕು. ಮಳೆಯಲ್ಲಿ ಸ್ಪೀಕರ್ ಜಾಲರಿಗೆ ನೀರು ತುಂಬಿ ದನಿ ಮೂಗಿಗೆ ಬಟ್ಟೆ ಕಟ್ಟಿದ ಹಾಗೆ ಬರುತ್ತದೆ, ಸೆಟ್ ಕೆಟ್ಟಿತು ಅಂತ ಹೆದರಬೇಡಿ. ಮುಖ ಕೆಳಗೆ ಮಾಡಿ ಎರಡು ಸಲ ಜೋರಾಗಿ ಕೊಡವಿ.

ಅಂಗಡಿಗೆ ಹೋಗುವಾಗ ಒಂದು ಜೊತೆ ರಬ್ಬರ್ ಗ್ಲೌಸ್ ತಗೊಂಡು ಹೋಗಿ. ಒದ್ದೆ ಗ್ಲೌಸ್ ಹಾಕಿಕೊಂಡು ಕಣ್ಣು ಮುಚ್ಚಿ ಚಾನೆಲ್ ತಿರುಗಿಸಿ ನೋಡಿ. ಚಾನೆಲ್ ಗುಂಡಿ, ವಾಲ್ಯೂಮ್ ಗುಂಡಿ ಎರಡೂ ಒಂದೇ ಆಕಾರ ಇದ್ದರೆ ಅಂಥ ಸೆಟ್ ಬೇಡ. ಮೆನು ಒಳಗೆ ಹೋಗಿ ಚಾನೆಲ್ ಬದಲಿಸುವ ಸೆಟ್ ಅಂತೂ ಬೇಡವೇ ಬೇಡ. ಪರದೆ ಇಲ್ಲದ 16 ಚಾನೆಲ್ ಗುಂಡಿಯ ಸಾದಾ ಸೆಟ್ ನನ್ನ ಮಟ್ಟಿಗೆ ಬಂಗಾರ.

ಬೆಂಚ್_ರಿಪೇರಿ

ಗಂಟೆವ್ಯಾನ್ ಅವರಿಗೆ ಒಂದು ನಮಸ್ಕಾರ. ಗ್ಯಾಸ್ ಸೋರಿಕೆ, ಪೆಟ್ರೋಲ್ ಟ್ಯಾಂಕರ್ ಉರುಳುವಂಥ ಕಡೆ ಹೋಗುವ ತಂಡ ಇದ್ದರೆ ಕಿಡಿ ಹುಟ್ಟಿಸದ ಸುರಕ್ಷಿತ ಮಾದರಿಯ ಸೆಟ್ ಬೇಕು, ಎಟೆಕ್ಸ್ ಅಥವಾ ಐಇಸಿಇಎಕ್ಸ್ ಗುರುತು ನೋಡಿ. ಆ ಗುರುತು ಸೆಟ್ಟಿಗೆ ಇದ್ದರೆ ಸಾಲದು, ಬ್ಯಾಟರಿಗೂ ಇರಬೇಕು. ಬೇರೆ ಬ್ಯಾಟರಿ ಹಾಕಿದ ಕ್ಷಣವೇ ಆ ಸುರಕ್ಷತೆ ಮುಗಿಯಿತು.

ಘಟ್ಟದಹಾದಿ

ಡಿಜಿಟಲ್ ಯಾಕೆ ಯಾರೂ ಹೇಳುತ್ತಿಲ್ಲ? ಡಿಎಂಆರ್ ಅನ್ನುವ ಡಿಜಿಟಲ್ ಮಾದರಿಯ ಸೆಟ್ ತಗೊಂಡರೆ ಒಂದೇ 12.5 ಕಿಲೋಹರ್ಟ್ಸ್ ಚಾನೆಲ್‌ನಲ್ಲಿ ರಿಪೀಟರ್ (ಸಿಗ್ನಲ್ ಹಿಡಿದು ಮತ್ತೆ ದೂರಕ್ಕೆ ಬಿಡುವ ಸೆಟ್) ಮೂಲಕ ಎರಡು ಮಾತುಕತೆ ನಡೆಯುತ್ತವೆ, ಅರ್ಧ ಹೊತ್ತು ಮಾತ್ರ ಸಿಗ್ನಲ್ ಬಿಡುವುದರಿಂದ ಬ್ಯಾಟರಿಯೂ ಉಳಿಯುತ್ತದೆ. ಜಿಪಿಎಸ್ ಬೇರೆ. 2026ರಲ್ಲೂ ಕರಕರ ಅನಲಾಗ್ ಹಿಡಿದು ಕೂರಬೇಕಾ?

ಆರ್‌ಎಫ್_ಅಣ್ಣ

ಡಿಎಂಆರ್ ಕೆಟ್ಟದ್ದಲ್ಲ. ಆದರೆ ಅನಲಾಗ್ ಸಿಗ್ನಲ್ ಸಾಯುವ ಮುಂಚೆ ಕರಕರ ಅಂತ ಹೇಳಿ ಸಾಯುತ್ತದೆ. ಆ ಕರಕರ ಕೇಳಿದ ತಕ್ಷಣ ಅನುಭವಿ ಹುಡುಗ ಎರಡು ಹೆಜ್ಜೆ ಪಕ್ಕಕ್ಕೆ ಸರಿಯುತ್ತಾನೆ, ಇಲ್ಲ ಮೇಲಕ್ಕೆ ಹತ್ತುತ್ತಾನೆ. ಡಿಜಿಟಲ್ ಕೊನೆಯ ತನಕ ಸ್ವಚ್ಛವಾಗಿ ಕೇಳಿಸಿ ದಿಢೀರ್ ನಿಲ್ಲುತ್ತದೆ. ಇನ್ನೊಂದು, ಪಕ್ಕದಲ್ಲಿ ಮರ ಕೊಯ್ಯುವ ಮೆಷಿನ್ ಓಡುತ್ತಿದ್ದರೆ ಡಿಜಿಟಲ್ ಸೆಟ್ಟಿನಲ್ಲಿ ದನಿಯನ್ನು ಅಂಕಿಗೆ ಬದಲಿಸುವ ವೊಕೋಡರ್ ಮಾತನ್ನೂ ಸದ್ದನ್ನೂ ಕಲಸಿ ಏನೋ ಒಂದು ಮಾಡಿಬಿಡುತ್ತದೆ. ಎರಡೂ ಇರುವ ಸೆಟ್ ಸಿಗುತ್ತದೆ. ಅದನ್ನು ತಗೊಂಡು ಅನಲಾಗ್‌ನಲ್ಲಿ ಶುರು ಮಾಡಿ.

ರಿಪೀಟರ್ ಇದ್ದರೂ ಅದಿಲ್ಲದೆ ನೇರ ಮಾತಾಡುವ ಒಂದು ಚಾನೆಲ್ ಎಲ್ಲ ಸೆಟ್‌ನಲ್ಲೂ ಒಂದೇ ನಂಬರಿನಲ್ಲಿ ಇರಲೇಬೇಕು. ರಿಪೀಟರ್ ಬ್ಯಾಟರಿ ಖಾಲಿಯಾದ ರಾತ್ರಿ ಅದೊಂದೇ ಗತಿ.

ಸರಳಸಂಚಾರಿ

ಎಲ್ಲರೂ ಸೆಟ್ ಬಗ್ಗೆ ಬರೆಯುತ್ತಿದ್ದೀರಿ, ಲೈಸೆನ್ಸ್ ಮಾತು ಯಾರೂ ಎತ್ತಲಿಲ್ಲ. 136ರಿಂದ 174 ಮೆಗಾಹರ್ಟ್ಸ್ ಅಂತ ಡಬ್ಬದ ಮೇಲೆ ಬರೆದಿದ್ದ ಮಾತ್ರಕ್ಕೆ ಅಲ್ಲೆಲ್ಲ ಮಾತಾಡುವ ಹಕ್ಕು ನಮಗೆ ಬರುವುದಿಲ್ಲ. ಪೊಲೀಸ್, ಅರಣ್ಯ ಇಲಾಖೆ, ಹಡಗು ಎಲ್ಲ ಅಲ್ಲೇ ಇರುತ್ತಾರೆ.

ನಿಮ್ಮ ಮುಂದೆ ಮೂರು ದಾರಿ ಇವೆ.

ಲೈಸೆನ್ಸ್ ಬೇಡದ್ದು: 446.0ರಿಂದ 446.2 ಮೆಗಾಹರ್ಟ್ಸ್. 2018ರ ನಿಯಮದಲ್ಲಿ ಕಡಿಮೆ ಶಕ್ತಿಯ ಸೆಟ್‌ಗಳಿಗೆ ವಿನಾಯಿತಿ ಕೊಟ್ಟಿದ್ದಾರೆ. ಆದರೂ ಆ ಮಾದರಿಗೆ ಇಟಿಎ ಅನ್ನುವ ಒಪ್ಪಿಗೆ ಇರಬೇಕು. ಆನ್‌ಲೈನ್‌ನಲ್ಲಿ ಇದಿಲ್ಲದ ಸೆಟ್‌ಗಳು ಬೇಕಾಬಿಟ್ಟಿ ಮಾರಾಟ ಆಗುತ್ತಿದ್ದವು, 2025ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಮಾರಾಟ ತಾಣಗಳಿಗೆ ನೋಟಿಸ್ ಕೊಟ್ಟು ಮಾರ್ಗಸೂಚಿಯನ್ನೂ ತಂದಿತು. ಈ ಸೆಟ್‌ಗಳ ಆಂಟೆನಾ ಬಿಚ್ಚಲು ಬರುವುದಿಲ್ಲ, ಶಕ್ತಿ ಕಡಿಮೆ. ಒಂದು ಕುಸಿತದ ಜಾಗದೊಳಗೆ ನಾಲ್ಕು ಜನ ಮಾತಾಡಿಕೊಳ್ಳಲು ಸಾಕು, ಊರಿಂದ ಊರಿಗೆ ಆಗದು.

ಎರಡನೆಯದು ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋ. ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ ಪರೀಕ್ಷೆ ನಡೆಸಿ ಲೈಸೆನ್ಸ್ ಕೊಡುತ್ತದೆ. 12 ವರ್ಷ ತುಂಬಿದವರು ಬರೆಯಬಹುದು, ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ ಸಂಕೇತ ಕಲಿಯುವುದು ಬೇಡ. ನಮ್ಮಲ್ಲಿ ಹ್ಯಾಮ್‌ಗೆ 144ರಿಂದ 146 ಮೆಗಾಹರ್ಟ್ಸ್ ಇದೆ. ಆದರೆ ಸೆಟ್ ಹಿಡಿಯುವ ಪ್ರತಿಯೊಬ್ಬರಿಗೂ ಲೈಸೆನ್ಸ್ ಇರಬೇಕು. 2024ರ ಜುಲೈ 30ರಂದು ವಯನಾಡಿನ ಚೂರಲ್‌ಮಲ, ಮುಂಡಕ್ಕೈ ಕೊಚ್ಚಿಹೋದಾಗ ಹ್ಯಾಮ್‌ಗಳು ಕಲ್ಪೆಟ್ಟದ ಕಲೆಕ್ಟರ್ ಕಚೇರಿಯಲ್ಲೇ ನಿಲ್ದಾಣ ಹಾಕಿ ಸುದ್ದಿ ದಾಟಿಸಿದರು.

ಮೂರನೆಯದು ನಿಮ್ಮ ಸಂಸ್ಥೆಯ ಹೆಸರಲ್ಲೇ ಆವರ್ತನ ಪಡೆಯುವುದು. ದೂರಸಂಪರ್ಕ ಇಲಾಖೆಯ ಸರಳ ಸಂಚಾರ್ ಪೋರ್ಟಲ್‌ನಲ್ಲಿ ಅರ್ಜಿ. ಹೊತ್ತು ಹಿಡಿಯುತ್ತದೆ, ವರ್ಷ ವರ್ಷ ಶುಲ್ಕ ಇರುತ್ತದೆ. ಮಳೆ ಶುರುವಾದ ಮೇಲೆ ಅರ್ಜಿ ಹಾಕಿದರೆ ಮುಂದಿನ ಮಳೆಗೆ ಸಿಗಬಹುದು.

ಕಾಫಿಕಣಿವೆ

ಇದು ದೊಡ್ಡ ವಿಷಯ. ಪೊಲೀಸ್ ಚಾನೆಲ್ಲಿಗೆ ನಮ್ಮ ಸೆಟ್ ಹಾಕಿಸಿಕೊಳ್ಳಬಹುದು ಅಂತ ಒಬ್ಬ ಮಾರಾಟಗಾರ ಹೇಳಿದ್ದ.

ಸರಳಸಂಚಾರಿ

ಅವನನ್ನು ಹತ್ತಿರ ಸೇರಿಸಬೇಡಿ. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಮುಖ್ಯಸ್ಥರು. ಅಲ್ಲಿ ಹೋಗಿ ತಂಡದ ಪಟ್ಟಿ ಕೊಡಿ. ಮಳೆಗಾಲದಲ್ಲಿ ಅವರ ಕಂಟ್ರೋಲ್ ರೂಮಲ್ಲಿ ನಿಮ್ಮ ಒಬ್ಬ ಆಪರೇಟರ್ ಒಂದು ಸೆಟ್ ಇಟ್ಟುಕೊಂಡು ಕೂರಲು ಅನುಮತಿ ಕೇಳಿ. ಎರಡು ಇಲಾಖೆಯ ಸೆಟ್ ಒಂದಕ್ಕೊಂದು ಮಾತಾಡಬೇಕಿಲ್ಲ, ಎರಡರ ಹತ್ತಿರವೂ ಒಬ್ಬೊಬ್ಬ ಮನುಷ್ಯ ಕೂತಿದ್ದರೆ ಸಾಕು. 2024ರ ಜುಲೈ 16ರಂದು ಉತ್ತರ ಕನ್ನಡದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಎನ್‌ಡಿಆರ್‌ಎಫ್, ನೌಕಾಪಡೆ, ಸೇನೆ, ಪೊಲೀಸ್ ಎಲ್ಲರೂ ಬಂದಿದ್ದರಲ್ಲ. ಅಂಥ ಕಡೆ ಎಲ್ಲರ ಸೆಟ್ಟೂ ಬೇರೆ ಬೇರೆ.

ಘಟ್ಟದಹಾದಿ

ಸ್ಯಾಟಲೈಟ್ ಫೋನ್?

ಸರಳಸಂಚಾರಿ

ಅನುಮತಿ ಇಲ್ಲದೆ ಇಟ್ಟುಕೊಂಡರೇ ಕೇಸು. ಅದರ ಯೋಚನೆ ಬಿಡಿ.

ಆರ್‌ಎಫ್_ಅಣ್ಣ

ಈಗ ಕಂಬದ ಆಂಟೆನಾ ವಿಷಯಕ್ಕೆ ಬರುತ್ತೇನೆ. ಲೈಸೆನ್ಸ್ ಕಾಗದದಲ್ಲಿ ಆಂಟೆನಾ ಎತ್ತರ, ಜಾಗ ಬರೆದಿರುತ್ತಾರೆ, ಅದಕ್ಕೆ ಸರಿಯಾಗಿ ಹಾಕಿ.

ಬೇಸ್‌ಗೆ, ಅಂದರೆ ಒಂದೇ ಕಡೆ ಕೂರುವ ಕೇಂದ್ರದ ಸೆಟ್ಟಿಗೆ, ಬೇಕಾದ್ದು ಫೈಬರ್ ಕೊಳವೆಯೊಳಗಿನ ಸರ್ವದಿಕ್ಕಿನ ಆಂಟೆನಾ. ಡೆಸಿಬೆಲ್ ಜಾಸ್ತಿ ಅಂತ ಉದ್ದನೆಯದ್ದು ತಗೊಳ್ಳಬೇಡಿ. ಆ ಡೆಸಿಬೆಲ್ ಆಂಟೆನಾದ ಗಳಿಕೆ (ಗೇನ್), ಅದು ಜಾಸ್ತಿಯಾದಷ್ಟೂ ಸಿಗ್ನಲ್ ಚಪ್ಪಟೆಯಾಗಿ ದಿಗಂತದ ಕಡೆ ಹೋಗುತ್ತದೆ, ನೀವು ಗುಡ್ಡದ ತುದಿಯಲ್ಲಿ ಕಂಬ ನೆಟ್ಟು ಕೆಳಗಿನ ಕಣಿವೆಯಲ್ಲಿ ಹುಡುಗರನ್ನು ಬಿಟ್ಟರೆ ಅದು ಅವರ ತಲೆ ಮೇಲಿಂದ ಹಾದುಹೋಗುತ್ತದೆ. ಬೆಟ್ಟದ ಊರಿಗೆ ಸಾಧಾರಣ ಗಳಿಕೆಯದ್ದೇ ವಾಸಿ.

ಆಮೇಲೆ ಕೇಬಲ್. ಜನ ಆಂಟೆನಾಗೆ ದುಡ್ಡು ಹಾಕಿ ಕೇಬಲ್‌ನಲ್ಲಿ ಉಳಿಸುತ್ತಾರೆ. ತೆಳುವಾದ ಆರ್‌ಜಿ-58 ಹತ್ತು ಮೀಟರ್ ಎಳೆದರೆ 150 ಮೆಗಾಹರ್ಟ್ಸ್‌ನಲ್ಲಿ ಸುಮಾರು 2 ಡೆಸಿಬೆಲ್ ಹೋಗುತ್ತದೆ, ಅಂದರೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಶಕ್ತಿ ಕೇಬಲ್ ಬಿಸಿ ಮಾಡಲು ಹೋಯಿತು. ಅದೇ ಕೇಬಲ್ 450ರಲ್ಲಿ ಅರ್ಧಕ್ಕಿಂತ ಜಾಸ್ತಿ ತಿನ್ನುತ್ತದೆ. ದಪ್ಪನೆಯ ಎಲ್‌ಎಂಆರ್-400 ಹಾಕಿದರೆ 150ರಲ್ಲಿ ಅರ್ಧ ಡೆಸಿಬೆಲ್ ಅಷ್ಟೇ. ಹೊರಗಿನ ಕನೆಕ್ಟರ್‌ಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪ್ ಸುತ್ತಿ, ಮೇಲೆ ಸಾಮಾನ್ಯ ಟೇಪ್. ಕೇಬಲ್ ಮನೆಯೊಳಗೆ ಬರುವ ಮುಂಚೆ ಕೆಳಗೆ ಒಂದು ಬಳುಕು ಬಿಡಿ, ನೀರು ಅಲ್ಲಿಂದ ತೊಟ್ಟಿಕ್ಕಲಿ.

ಹೊತ್ತುಕೊಂಡು ಹೋಗಲು ಸ್ಲಿಮ್ ಜಿಮ್ ಅನ್ನುವ ಸುತ್ತಿಡಬಹುದಾದ ಆಂಟೆನಾ ಮಾಡಿಕೊಳ್ಳಿ. ಹಳೆಯ ಟಿವಿಗೆ ಹಾಕುತ್ತಿದ್ದ 300 ಓಮ್ ಚಪ್ಪಟೆ ರಿಬ್ಬನ್ ಕೇಬಲ್ ಒಂದೂವರೆ ಮೀಟರ್ ಆಸುಪಾಸು ಸಾಕು. ಸುರುಳಿ ಸುತ್ತಿ ಜೇಬಲ್ಲಿ ಇಡಬಹುದು. ಹಗ್ಗಕ್ಕೆ ಕಲ್ಲು ಕಟ್ಟಿ ಸಿಲ್ವರ್ ಓಕ್ ಕೊಂಬೆ ಮೇಲೆ ಎಸೆದು ಎಳೆದರೆ ಐದಾರು ಮೀಟರ್ ಎತ್ತರದಲ್ಲಿ ಆಂಟೆನಾ. ಬುಡದಲ್ಲಿ ಬೇರೆ ತಂತಿ ಹರಡುವುದು ಬೇಡ. ಅಳತೆಗೆ ನ್ಯಾನೋವಿಎನ್‌ಎ (ಆಂಟೆನಾ ಪರೀಕ್ಷಿಸುವ ಸಣ್ಣ ಯಂತ್ರ) ಇರುವ ಯಾವ ಹ್ಯಾಮ್‌ನನ್ನಾದರೂ ಕೇಳಿ, ಖುಷಿಯಿಂದ ಮಾಡಿಕೊಡುತ್ತಾರೆ.

ಇನ್ನೂ ಅಗ್ಗದ್ದು ಟೈಗರ್ ಟೇಲ್. ಸೆಟ್ಟಿನ ಆಂಟೆನಾ ಬುಡದ ಲೋಹದ ಉಂಗುರಕ್ಕೆ 49 ಸೆಂಟಿಮೀಟರ್ ತಂತಿ ಸಿಕ್ಕಿಸಿ ಕೆಳಗೆ ಇಳಿಬಿಡಿ. ರಬ್ಬರ್ ಆಂಟೆನಾಗೆ ಇನ್ನೊಂದು ಅರ್ಧ ಸಿಕ್ಕಂತಾಗುತ್ತದೆ. ಓಡಾಡುವಾಗ ತೊಡಕು, ಒಂದೇ ಕಡೆ ಕೂತವನಿಗೆ ಒಳ್ಳೆಯದು.

ಗಂಟೆವ್ಯಾನ್

ಬ್ಯಾಟರಿ ಮರೆತಿರಿ. ಕ್ಯಾಟಲಾಗ್‌ನಲ್ಲಿ '12 ಗಂಟೆ' ಅಂತ ಇದ್ದರೆ ಅದು 5-5-90 ಲೆಕ್ಕ. ನೂರಕ್ಕೆ 5 ಭಾಗ ಮಾತು, 5 ಭಾಗ ಕೇಳುವುದು, 90 ಭಾಗ ಸುಮ್ಮನೆ ಇರುವುದು. ಕುಸಿತದ ಜಾಗದಲ್ಲಿ ತಂಡದ ಮುಖ್ಯಸ್ಥ ಆ 90 ಸುಮ್ಮನಿರುತ್ತಾನಾ? ಅವನದು ಮಧ್ಯಾಹ್ನಕ್ಕೇ ಖಾಲಿ. ಸೆಟ್ಟಿಗೆ ಎರಡು ಬ್ಯಾಟರಿ ಕಡ್ಡಾಯ, ಮುಖ್ಯಸ್ಥನಿಗೆ ಮೂರು. ಹತ್ತಿರ ಇರುವಾಗ ಲೋ ಪವರ್‌ಗೆ ಹಾಕಲು ಕಲಿಸಿ.

ಚಾರ್ಜರ್ ಗೋಡೆಯದ್ದು ಮಾತ್ರ ತಗೊಂಡರೆ ಕರೆಂಟ್ ಇಲ್ಲದ ಊರಲ್ಲಿ ಏನು ಮಾಡುತ್ತೀರಿ? ಜೀಪಿನ 12 ವೋಲ್ಟ್‌ಗೆ ಚುಚ್ಚುವ ಚಾರ್ಜರ್ ಸಿಗುವ ಮಾದರಿಯನ್ನೇ ಆರಿಸಿ. ಕೆಲವು ಸೆಟ್‌ಗಳಿಗೆ ಪೆನ್ಸಿಲ್ ಸೆಲ್ ಹಾಕುವ ಡಬ್ಬಿ ಸಿಗುತ್ತದೆ, ಸಿಕ್ಕರೆ ಒಂದೆರಡು ಇಟ್ಟುಕೊಳ್ಳಿ. ಎಲ್ಲ ಸೆಟ್ಟೂ ಒಂದೇ ಮಾದರಿ ಇರಲಿ. ಇವನ ಬ್ಯಾಟರಿ ಅವನಿಗೆ ಆಗಬೇಕು, ರಾತ್ರಿ ಮಳೆಯಲ್ಲಿ ಟಾರ್ಚ್ ಹಿಡಿದು ಯಾವುದು ಯಾರದ್ದು ಅಂತ ಹುಡುಕುವುದು ಇದೆಯಲ್ಲ, ಅದು ಬೇಡಪ್ಪಾ.

ಕಾಫಿಕಣಿವೆ

ತುಂಬಾ ಉಪಕಾರ. ಈಗಿನ ಲೆಕ್ಕ ಹೀಗಿದೆ: ಐಪಿ67 ವಿಎಚ್‌ಎಫ್ ಸೆಟ್ ಎಂಟು, ಅನಲಾಗ್ ಮತ್ತು ಡಿಎಂಆರ್ ಎರಡೂ ಇರುವುದು, ಮೊಟೊರೋಲಾ, ಕೆನ್‌ವುಡ್, ಐಕಾಂ, ಹೈಟೆರಾ ನಾಲ್ಕರಲ್ಲಿ ಯಾರ ಸರ್ವಿಸ್ ಮೈಸೂರಲ್ಲೋ ಮಂಗಳೂರಲ್ಲೋ ಸಿಗುತ್ತದೋ ಅದು. ಸ್ಕ್ರೂ ಮೈಕ್, ಬ್ಯಾಟರಿ, ಜೀಪ್ ಚಾರ್ಜರ್. ಒಂದು ಕಂಬ, ದಪ್ಪ ಕೇಬಲ್. ಸಂಸ್ಥೆ ಹೆಸರಲ್ಲಿ ಅರ್ಜಿ ಈ ವಾರವೇ. ಅದು ಬರುವ ತನಕ 446ರ ಇಟಿಎ ಸೆಟ್ ನಾಲ್ಕು. ಇಬ್ಬರು ಹುಡುಗರು ಹ್ಯಾಮ್ ಪರೀಕ್ಷೆಗೆ ಕೂರುತ್ತೇವೆ ಎಂದಿದ್ದಾರೆ.

ಕಂಬವನ್ನು ನಮ್ಮ ಸಮುದಾಯ ಭವನದ ಮೇಲೆ ನಿಲ್ಲಿಸುವ ಯೋಚನೆ. ಗಾಳಿಗೆ ಕಬ್ಬಿಣದ ತಂತಿಯಲ್ಲಿ ನಾಲ್ಕು ಕಡೆ ಬಿಗಿದರೆ ಆಯಿತಲ್ಲ?

ಬೆಂಚ್_ರಿಪೇರಿ

ಕೆಳಗಡೆ ಬಿಗಿಯಲು ಕಬ್ಬಿಣದ ತಂತಿ ಸರಿ. ಮೇಲೆ ಆಂಟೆನಾ ಹತ್ತಿರ ಬಿಗಿಯಲು ಬಿಸಿಲಿಗೆ ಹಾಳಾಗದ ಪಾಲಿಯೆಸ್ಟರ್ ಹಗ್ಗ ಹಾಕಿ, ಲೋಹ ಪಕ್ಕದಲ್ಲಿದ್ದರೆ ಆಂಟೆನಾ ನಡೆ ಕೆಡುತ್ತದೆ. ಮೂರು ಕಡೆ ಸಾಕು, ನಾಲ್ಕು ಬೇಡ. ಕಂಬಕ್ಕೆ ತಾಮ್ರದ ಪಟ್ಟಿ ಹಾಕಿ ನೇರ ಭೂಮಿಗೆ ಅರ್ಥಿಂಗ್ ಕೊಡಿ, ಕೇಬಲ್ ಒಳಬರುವ ಕಡೆ ಸಿಡಿಲು ತಡೆಯುವ ಅರೆಸ್ಟರ್ ಹಾಕಿಸಿ. ಇಷ್ಟಾದರೂ ಗುಡುಗು ಹತ್ತಿರ ಬರುವ ಮುಂಚೆಯೇ ಕೇಬಲ್ ಕಿತ್ತು ಕಿಟಕಿಯಾಚೆ ಎಸೆದು ಕೈ ಸೆಟ್‌ಗೆ ಬನ್ನಿ. ಭವನದ ಮೇಲೆ ಕರೆಂಟ್ ತಂತಿ ಎಷ್ಟು ದೂರದಲ್ಲಿ ಹಾದುಹೋಗುತ್ತದೆ ಅನ್ನುವುದನ್ನು ಮೊದಲು ನೋಡಿ ಬರೆಯಿರಿ, ಕಂಬ ಉರುಳಿದರೂ ತಗಲಬಾರದು. ಫೋಟೋ ಹಾಕಿ.